ಗಾಳ ಸಣ್ಣದಿರಲಿ, ದಾರ ತೆಳ್ಳಗಿರಲಿ

ಓದುಗರ ಪ್ರಶ್ನೆ, ನಮ್ಮ ಉತ್ತರ: ಈ ಬಾರಿ ಮೀನಿನ ಗಾಳ

ಹೊಸದಾಗಿ ಗಾಳ ಹಿಡಿದವರ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ದೂರಿನ ಸುತ್ತ ತಿರುಗುತ್ತವೆ: ಮೀನು ಎರೆ ತಿಂದು ಹೋಗುತ್ತದೆ, ಸಿಗುವುದಿಲ್ಲ. ಹಾಗಾಗಿ ಮೊದಲ ಎರಡು ಉತ್ತರಗಳು ತುಸು ಉದ್ದವಾಗಿವೆ.

ಅಂಗಡಿಯವರು 12 ಅಡಿಯ ರಾಡು, ದಪ್ಪ ದಾರ, ಬೆರಳುದ್ದದ ಗಾಳ ತೋರಿಸಿದರು. ನಮ್ಮೂರ ಕೆರೆಯಲ್ಲಿ ಜಿಲೇಬಿ (ತಿಲಾಪಿಯಾ), ಗೆಂಡೆ ಮೀನು ಇವೆ. ಎರಡು ಸಾವಿರ ರೂಪಾಯಿಯೊಳಗೆ ಏನು ಕೊಳ್ಳಲಿ?
– ತುರುವೇಕೆರೆಯ ಓದುಗರು

ಆ ದಪ್ಪ ದಾರ, ದೊಡ್ಡ ಗಾಳ ಎರಡನ್ನೂ ಅಂಗಡಿಯಲ್ಲೇ ಬಿಟ್ಟು ಬನ್ನಿ. ಮೊದಲ ಎರಡು ತಿಂಗಳಿಗೆ ರೀಲು ಕೂಡ ಬೇಡ. 10ರಿಂದ 12 ಅಡಿಯ ಬಿದಿರು ಕಡ್ಡಿ, ಇಲ್ಲವೇ ಒಂದರೊಳಗೊಂದು ಸೇರುವ ರೀಲಿಲ್ಲದ ಫೈಬರ್ ಕೋಲು ಸಾಕು. ಬಿದಿರಾದರೆ ಹಸಿಯದು ಬೇಡ. ನೆರಳಿನಲ್ಲಿ ಒಣಗಿದ, ತುದಿ ಕಿರುಬೆರಳಿಗಿಂತ ಸಣ್ಣಗಿದ್ದು ಬಾಗುವಂಥದ್ದನ್ನು ಆರಿಸಿ. ದಾರ ಕೋಲಿನಷ್ಟೇ ಉದ್ದ, ಹೆಚ್ಚೆಂದರೆ ಒಂದು ಗೇಣು ಜಾಸ್ತಿ. ಅದಕ್ಕಿಂತ ಉದ್ದವಾದರೆ ಮೀನು ಕೈಗೆ ಬರುವ ಬದಲು ತಲೆಯ ಮೇಲೆ ಓಲಾಡುತ್ತದೆ.

ತಂಗೂಸಿ (ನೈಲಾನ್) ದಾರ 0.20ರಿಂದ 0.25 ಮಿಲಿಮೀಟರ್ ದಪ್ಪದ್ದಿರಲಿ. ಅಂಗಡಿಯಲ್ಲಿ ಮೊದಲು ಕೈಗಿಡುವ 0.50ರ ದಾರ ಸುರುಳಿಯ ನೆನಪು ಬಿಡುವುದಿಲ್ಲ, ನೀರಲ್ಲಿ ನೆಟ್ಟಗೆ ಇಳಿಯುವುದಿಲ್ಲ, ಹಗುರ ಬೆಂಡನ್ನು (ದಾರಕ್ಕೆ ಕಟ್ಟುವ ತೇಲುಗುರುತು) ಎಳೆದಾಡುತ್ತದೆ. ಗಾಳದ ನಂಬರಿನ ಲೆಕ್ಕ ತಿರುಗುಮುರುಗಾದದ್ದು: 10, 8, 6, 4 ಎಂದು ಅಂಕಿ ಇಳಿದಂತೆ ಗಾಳ ದೊಡ್ಡದಾಗುತ್ತದೆ. 1 ದಾಟಿದ ಮೇಲೆ 1/0, 2/0 ಎಂದು ಏರುತ್ತಾ ಇನ್ನೂ ದೊಡ್ಡದಾಗುತ್ತದೆ. ಜಿಲೇಬಿಗೆ 8 ಅಥವಾ 10, ಅರ್ಧ ಕೆಜಿಯಿಂದ ಎರಡು ಕೆಜಿಯ ಗೆಂಡೆಗೆ 6 ಅಥವಾ 4. ಸಣ್ಣ ಗಾಳಕ್ಕೆ ದೊಡ್ಡ ಮೀನೂ ಬೀಳುತ್ತದೆ, ದೊಡ್ಡ ಗಾಳಕ್ಕೆ ಸಣ್ಣ ಮೀನು ಬೀಳುವುದಿಲ್ಲ. ಕೆರೆಯಲ್ಲಿ ಸಣ್ಣವೇ ಹೆಚ್ಚು.

ಇವಿಷ್ಟರ ಜೊತೆ ಎರಡು ಬೆಂಡು, ಒಂದು ಡಬ್ಬಿ ಸೀಳುಗುಂಡು (ನಡುವೆ ಸೀಳಿರುವ ಸೀಸದ ಗುಂಡು), ಉದ್ದ ಮೂತಿಯ ಇಕ್ಕಳ, ಸಣ್ಣ ಕತ್ತರಿ, ಉದ್ದ ಹಿಡಿಯ ಕೈಬಲೆ ತೆಗೆದುಕೊಳ್ಳಿ. ಉಳಿದ ಹಣ ಮುಂದೆ ರೀಲಿಗೆ ಬರುತ್ತದೆ. ಆಗಲೂ 7 ಅಡಿಯ ಮಧ್ಯಮ ಬಾಗಿನ ರಾಡು, 2500 ಅಥವಾ 3000 ಅಳತೆಯ ಸ್ಪಿನ್ನಿಂಗ್ ರೀಲು ನಮ್ಮ ಕೆರೆಗಳಿಗೆ ಧಾರಾಳ.

ಗಂಟು ಕಲಿಯದೆ ನೀರಿನ ಬಳಿ ಹೋಗಬೇಡಿ. ದಾರದ ತುದಿಯನ್ನು ಗಾಳದ ಕಣ್ಣಿನೊಳಗೆ ತೂರಿಸಿ ಒಂದು ಗೇಣು ಹೊರಗೆಳೆಯಿರಿ. ಆ ತುದಿಯನ್ನು ಮುಖ್ಯ ದಾರದ ಸುತ್ತ 5 ಅಥವಾ 6 ಸುತ್ತು ಸುತ್ತಿ. ಬಳಿಕ ಕಣ್ಣಿನ ಪಕ್ಕದಲ್ಲೇ ಉಳಿದ ಚಿಕ್ಕ ಕುಣಿಕೆಯೊಳಗೆ ತೂರಿಸಿ. ಹಾಗೆ ತೂರಿಸಿದಾಗ ಹೊಸದೊಂದು ದೊಡ್ಡ ಕುಣಿಕೆ ಆಗುತ್ತದೆ, ಅದರೊಳಗೂ ತೂರಿಸಿ. ಈಗ ಎಂಜಲು ಹಚ್ಚಿ ನಿಧಾನವಾಗಿ ಬಿಗಿಯಿರಿ. ಎಂಜಲು ಶಾಸ್ತ್ರಕ್ಕಲ್ಲ. ಒಣ ನೈಲಾನ್ ಉಜ್ಜಿಕೊಂಡಾಗ ಬಿಸಿಯಾಗಿ ಗಂಟಿನ ಜಾಗದಲ್ಲೇ ಬಲ ಕಳೆದುಕೊಳ್ಳುತ್ತದೆ. ಕಿತ್ತುಹೋದ ದಾರದ ತುದಿ ಹಂದಿಬಾಲದಂತೆ ಸುರುಳಿಯಾಗಿದ್ದರೆ ದಾರ ತುಂಡಾಗಿಲ್ಲ, ಗಂಟು ಜಾರಿದೆ ಎಂದು ತಿಳಿಯಿರಿ.

ಬೆಂಡು ಎಲ್ಲಿ ಕಟ್ಟಬೇಕು? ಹತ್ತು ಸಲ ಕುಣಿಯುತ್ತದೆ, ಎಳೆದರೆ ಬರೀ ಗಾಳ ಬರುತ್ತದೆ.
– ಹಾವೇರಿಯ ಓದುಗರು

ನಿಮ್ಮ ಒಂದು ಪ್ರಶ್ನೆಯಲ್ಲಿ ಮೂರು ತಪ್ಪು ಅಡಗಿರಬಹುದು. ಮೊದಲನೆಯದು ಆಳ. ಜಿಲೇಬಿ, ಗೆಂಡೆ, ಮೃಗಾಲ್ ತಳದಲ್ಲಿ ಮೇಯುವಂಥವು. ರೋಹು ನಡುನೀರಿನದು, ಕಾಟ್ಲಾ ಮೇಲ್ನೀರಿನದು, ಅದರ ಬಾಯಿಯೇ ಮೇಲ್ಮುಖವಾಗಿದೆ. ತಳದ ಮೀನಿಗೆ ಎರೆಯನ್ನು ಎರಡಡಿ ಮೇಲೆ ತೂಗಿಟ್ಟರೆ ಬಂದು ಕೆಣಕುವವು ಬೆರಳುದ್ದದ ಮರಿಗಳಷ್ಟೇ.

ಆಳ ಅಳೆಯುವುದು ಹೀಗೆ. ಗಾಳಕ್ಕೆ ಬೆಂಡನ್ನು ಮುಳುಗಿಸುವಷ್ಟು ತೂಕದ ಸೀಸ ಸಿಕ್ಕಿಸಿ, ಮೀನು ಹಿಡಿಯಬೇಕೆಂದಿರುವ ಜಾಗಕ್ಕೇ ಬಿಡಿ. ಬೆಂಡು ಪೂರ್ತಿ ಮುಳುಗಿದರೆ ಬೆಂಡಿಗೂ ಗಾಳಕ್ಕೂ ನಡುವಿನ ಅಂತರ ಕಡಿಮೆಯಾಗಿದೆ, ಬೆಂಡನ್ನು ಮೇಲೆ ಸರಿಸಿ. ಅಡ್ಡ ಮಲಗಿದರೆ ಅಂತರ ಜಾಸ್ತಿಯಾಗಿದೆ, ಕೆಳಗೆ ಸರಿಸಿ. ತುದಿ ಮಾತ್ರ ಕಾಣುವಂತೆ ನೆಟ್ಟಗೆ ನಿಂತಾಗ ಅದೇ ಸರಿಯಾದ ಆಳ. ಸೀಸ ತೆಗೆದು ಬೆಂಡನ್ನು ಎರಡು ಬೆರಳಿನಷ್ಟು ಮೇಲೇರಿಸಿದರೆ ಎರೆ ತಳಕ್ಕೆ ತಾಗಿಕೊಂಡು ಕೂರುತ್ತದೆ. ಅಕ್ಕಪಕ್ಕ ನಾಲ್ಕೈದು ಕಡೆ ಹೀಗೆ ಅಳೆದರೆ ತಳ ಎಲ್ಲಿ ಇಳಿಜಾರಾಗುತ್ತದೆ ಎಂಬುದೂ ತಿಳಿಯುತ್ತದೆ. ಮೀನು ಓಡಾಡುವುದು ಬಹುಮಟ್ಟಿಗೆ ಆ ಇಳಿಜಾರಿನ ಬುಡದಲ್ಲಿ.

ಎರಡನೆಯದು ಗುಂಡಿನ ಲೆಕ್ಕ. ಬೆಂಡಿನ ತುದಿ ನೀರಿನ ಮೇಲೆ ಒಂದು ಉಗುರಿನಷ್ಟು ಮಾತ್ರ ಕಾಣುವವರೆಗೆ ಗುಂಡು ಸೇರಿಸಿ. ಅರ್ಧ ಬೆಂಡು ಮೇಲೆ ತೇಲುತ್ತಿದ್ದರೆ ಮೀನು ಎಳೆದಾಗ ಅದಕ್ಕೆ ಭಾರ ತಿಳಿಯುತ್ತದೆ, ಉಗುಳಿಬಿಡುತ್ತದೆ. ದೊಡ್ಡ ಗುಂಡುಗಳು ಬೆಂಡಿಗೂ ಗಾಳಕ್ಕೂ ನಡುವೆ, ಒಂದು ಪುಟ್ಟ ಗುಂಡು ಗಾಳದಿಂದ ಒಂದು ಗೇಣು ಮೇಲೆ ಇರಲಿ. ಗುಂಡನ್ನು ಹಲ್ಲಿನಿಂದ ಕಚ್ಚಿ ಬಿಗಿಯುವ ಅಭ್ಯಾಸ ಬಿಡಿ. ಸೀಸ ವಿಷ, ಅದಕ್ಕೇ ಇಕ್ಕಳ ಹೇಳಿದ್ದು.

ಮೂರನೆಯದು ಎಳೆಯುವ ಹೊತ್ತು. ಬೆಂಡು ಕುಣಿಯುವಾಗ ಮೀನು ಎರೆಯ ಅಂಚು ಕೀಳುತ್ತಿರುತ್ತದೆ, ಗಾಳ ಇನ್ನೂ ಬಾಯಿಗೆ ಹೋಗಿರುವುದಿಲ್ಲ. ಬೆಂಡು ಒಂದೇ ದಿಕ್ಕಿಗೆ ಜಾರತೊಡಗಿದಾಗ ಅಥವಾ ಸದ್ದಿಲ್ಲದೆ ಒಳಹೋದಾಗ ಮಣಿಕಟ್ಟಿನಿಂದ ಚಿಕ್ಕದೊಂದು ಮಿಡಿತ ಕೊಟ್ಟರೆ ಸಾಕು. ಮುಳುಗಿದ್ದ ಬೆಂಡು ಇದ್ದಕ್ಕಿದ್ದಂತೆ ಮೇಲೆದ್ದು ಅಡ್ಡ ಬಿದ್ದರೂ ಎಳೆಯಿರಿ. ತಳದ ಗೆಂಡೆ ಎರೆ ಕಚ್ಚಿ ತಲೆಯೆತ್ತಿದಾಗ ಗುಂಡಿನ ಭಾರವನ್ನು ಅದೇ ಹೊತ್ತುಕೊಳ್ಳುತ್ತದೆ, ಬೆಂಡು ಹಗುರವಾಗುತ್ತದೆ. ಹೊಸಬರಿಗೆ ತಪ್ಪಿಹೋಗುವ ಕಚ್ಚು ಇದೇ.

ಇಷ್ಟಾದರೂ ಬರೀ ಗಾಳವೇ ಬರುತ್ತಿದ್ದರೆ ಗಾಳವನ್ನು ಎರಡು ನಂಬರು ಸಣ್ಣದು ಮಾಡಿ. ಗಾಳದ ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿ. ಗೀರದೆ ಜಾರಿದರೆ ಅದು ಮೊಂಡಾಗಿದೆ, ಬಿಸಾಡಬೇಕು.

ಗಾಳಕ್ಕೆ ನಮ್ಮ ಕಡೆ ಗಾಣ ಅಂತೀವಿ. ಗಾಣಕ್ಕೆ ರಾಗಿಮುದ್ದೆ ಸಿಕ್ಕಿಸಿದರೆ ಎರಡೇ ನಿಮಿಷಕ್ಕೆ ಕರಗಿಹೋಗುತ್ತೆ. ಕಾವೇರಿಯಲ್ಲಿ ರಾಗಿಯಲ್ಲೇ ಬಿಳಿಮೀನು (ಮಹಶೀರ್) ಹಿಡೀತಿದ್ದರು ಅಂತಾರಲ್ಲ?
– ಮದ್ದೂರಿನ ಓದುಗರು

ಹಿಡಿಯುತ್ತಿದ್ದದ್ದು ನಿಜ. ಆದರೆ ಅದು ಊಟದ ಮುದ್ದೆಯಲ್ಲ. ರಾಗಿಯಲ್ಲಿ ಗೋಧಿಯಲ್ಲಿರುವ ಅಂಟು ಇಲ್ಲ. ಮೆತ್ತಗೆ ಬೇಯಿಸಿದ ಮುದ್ದೆ ಬಾಯಲ್ಲಿ ಜಾರುವಂತೆ ನೀರಲ್ಲೂ ಜಾರುತ್ತದೆ. ಅದನ್ನು ಗಟ್ಟಿ ಮಾಡುವ ಕ್ರಮ ಬೇರೆ.

ರಾಗಿ ಹಿಟ್ಟು 2 ಲೋಟ, ಗೋಧಿ ಹಿಟ್ಟು ಅರ್ಧ ಲೋಟ, ಹುರಿದು ಪುಡಿ ಮಾಡಿದ ಕಡಲೆಕಾಯಿ ಹಿಂಡಿ ಅರ್ಧ ಲೋಟ. ನೀರನ್ನು ಚಿಮುಕಿಸುತ್ತಾ ರೊಟ್ಟಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ. ನಿಂಬೆಹಣ್ಣಿನಷ್ಟು ಉಂಡೆ ಕಟ್ಟಿ ಕುದಿಯುವ ನೀರಿಗೆ ಬಿಟ್ಟು 20 ನಿಮಿಷ ಬೇಯಿಸಿ. ತೆಗೆದು ಆರಿದ ಮೇಲೆ ಉಂಡೆಗಳನ್ನೆಲ್ಲ ಸೇರಿಸಿ ಮತ್ತೆ ನಾದಿ. ಗಟ್ಟಿತನ ಬರುವುದು ಈ ಎರಡನೇ ನಾದುವಿಕೆಯಲ್ಲಿ, ಅಲ್ಲಿ ಸೋಮಾರಿತನ ಸಲ್ಲದು. ಆಗಲೂ ಬಿಡುತ್ತದೆ ಎನಿಸಿದರೆ ಒಂದು ಚಿಟಿಕೆ ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸಿ ನಾದುವಾಗ ಸೇರಿಸಿ. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ದಿನವಿಡೀ ಬಿರುಕು ಬಿಡುವುದಿಲ್ಲ. ಗಾಳಕ್ಕೆ ಕಡಲೆಕಾಳಿನಷ್ಟು ಮಾತ್ರ ಸಿಕ್ಕಿಸಿ, ಮೊನೆ ತುಸು ಹೊರಗೆ ಕಾಣಲಿ. ಮೊನೆ ಗಟ್ಟಿ ಹಿಟ್ಟಿನೊಳಗೆ ಹುದುಗಿದ್ದರೆ ಮೀನಿನ ತುಟಿಗೆ ನಾಟುವುದು ಹೇಗೆ?

ಜಿಲೇಬಿಗೆ ಇಷ್ಟೆಲ್ಲ ಬೇಡ, ಎರೆಹುಳು ಸಾಕು. ಇಡೀ ಹುಳುವನ್ನು ಜೋತುಬಿಟ್ಟರೆ ಬಾಲವನ್ನಷ್ಟೇ ಕಿತ್ತುಕೊಂಡು ಹೋಗುತ್ತವೆ. ಒಂದಂಗುಲದ ತುಂಡು ಮಾಡಿ ಗಾಳದ ಬಾಗಿನುದ್ದಕ್ಕೂ ಕಾಲುಚೀಲದಂತೆ ಏರಿಸಿ. ಹುಳುವನ್ನು ಅಗೆದ ಜಾಗದ ಹಸಿಮಣ್ಣಿನಲ್ಲೇ, ತೂತಿರುವ ಡಬ್ಬಿಯಲ್ಲಿ ನೆರಳಿಗಿಡಿ. ಬಿಸಿಲಿಗಿಟ್ಟರೆ ಗಂಟೆಯೊಳಗೆ ಗಂಜಿ.

ಗೆಂಡೆಯನ್ನು ಒಂದು ಜಾಗದಲ್ಲಿ ನಿಲ್ಲಿಸಲು ಅಕ್ಕಿ ತೌಡು 1 ಕೆಜಿ, ಹಿಂಡಿ ಕಾಲು ಕೆಜಿ ಕಲಸಿ. ಮುಷ್ಟಿಯಲ್ಲಿ ಹಿಚುಕಿದರೆ ಉಂಡೆಯಾಗಬೇಕು, ನೀರಿನ ತಳ ಸೇರಿದೊಡನೆ ಒಡೆಯಬೇಕು, ಅಷ್ಟೇ ಹದ. ಕಿತ್ತಳೆ ಗಾತ್ರದ ಮೂರು ಉಂಡೆ ಮೊದಲಿಗೆ, ಆಮೇಲೆ 20 ನಿಮಿಷಕ್ಕೊಮ್ಮೆ ನಿಂಬೆ ಗಾತ್ರದ್ದೊಂದು. ಮೀನು ಬರಲಿಲ್ಲವೆಂದು ಬಕೆಟ್ಟನ್ನೇ ಸುರಿದವರಿಗೆ ಆ ದಿನ ಏನೂ ಸಿಗುವುದಿಲ್ಲ. ಹೊಟ್ಟೆ ತುಂಬಿದ ಮೀನು ಗಾಳದ ಚೂರನ್ನು ಯಾಕೆ ಹುಡುಕೀತು? ತಳದಿಂದ ಸಣ್ಣ ಗುಳ್ಳೆಗಳು ಗುಂಪುಗುಂಪಾಗಿ ಜಾಗ ಬದಲಿಸುತ್ತಾ ಏಳುತ್ತಿದ್ದರೆ ಗೆಂಡೆ ಕೆಸರು ಕೆದಕುತ್ತಿದೆ. ಒಂದೇ ಕಡೆ ಏಳುವ ದೊಡ್ಡ ಗುಳ್ಳೆ ಕೆಸರಿನ ಅನಿಲವಷ್ಟೆ.

ಹೊಸ ಸ್ಪಿನ್ನಿಂಗ್ ರೀಲು. ನಾಲ್ಕು ಸಲ ಬೀಸುವಷ್ಟರಲ್ಲಿ ದಾರವೆಲ್ಲ ಹಕ್ಕಿಗೂಡು. ರೀಲೇ ಕೆಟ್ಟದ್ದೇ?
– ಶಿವಮೊಗ್ಗದ ಓದುಗರು

ರೀಲಿನ ತಪ್ಪು ಕಡಿಮೆ, ದಾರ ತುಂಬಿದ್ದರಲ್ಲಿ ಹೆಚ್ಚು. ಸ್ಪೂಲಿನ (ರೀಲಿನಲ್ಲಿ ದಾರ ಸುತ್ತಿಕೊಳ್ಳುವ ಉರುಳೆ) ಅಂಚಿಗಿಂತ 2 ಮಿಲಿಮೀಟರ್ ಕೆಳಗೆ ದಾರ ನಿಲ್ಲಬೇಕು. ಅಂಚಿನವರೆಗೆ ತುಂಬಿದರೆ ಸುತ್ತುಗಳು ಕಂತೆಯಾಗಿ ಹಾರುತ್ತವೆ, ತೀರಾ ಕಡಿಮೆ ತುಂಬಿದರೆ ಅಂಚಿಗೆ ಉಜ್ಜಿ ದೂರ ಹೋಗುವುದಿಲ್ಲ. ಹೊಸ ದಾರದ ಉರುಳೆಯನ್ನು ನೆಲಕ್ಕೆ ಮಲಗಿಸಿಟ್ಟು ಹತ್ತು ಸುತ್ತು ಸುತ್ತಿ, ನಿಲ್ಲಿಸಿ, ದಾರ ಸಡಿಲ ಬಿಡಿ. ಅದು ಮುರಿಗೊಂಡರೆ ಉರುಳೆಯನ್ನು ಮಗುಚಿ ಹಾಕಿ ಮುಂದುವರಿಸಿ. ಸುತ್ತುವಾಗಲೆಲ್ಲ ಒದ್ದೆ ಬಟ್ಟೆಯಲ್ಲಿ ದಾರ ಹಿಡಿದು ಬಿಗಿ ಇರಲಿ.

ಬೀಸಿದ ಮೇಲೆ ತಂತಿಯ ಬೇಲನ್ನು (ದಾರ ಹಿಡಿಯುವ ಕಮಾನು) ಹಿಡಿ ತಿರುಗಿಸಿ ಮುಚ್ಚದೆ ಕೈಯಿಂದ ಮುಚ್ಚಿ, ಒಮ್ಮೆ ದಾರ ಎಳೆದು ಸಡಿಲ ತೆಗೆದು ಆಮೇಲೆ ಸುತ್ತಿ. ನಿಮ್ಮ ಹಕ್ಕಿಗೂಡಿನಲ್ಲಿ ಮುಕ್ಕಾಲು ಪಾಲು ಇಷ್ಟಕ್ಕೇ ನಿಲ್ಲುತ್ತದೆ. ಬೀಸಿದ್ದು ಕಾಲ ಬಳಿಯೇ ಬಿದ್ದರೆ ಬೆರಳು ತಡವಾಗಿ ಬಿಟ್ಟಿದ್ದೀರಿ, ಆಕಾಶಕ್ಕೆ ಹೋದರೆ ಬೇಗ ಬಿಟ್ಟಿದ್ದೀರಿ. ಡ್ರ್ಯಾಗ್ ಅನ್ನು (ಮೀನು ಜೋರಾಗಿ ಎಳೆದಾಗ ರೀಲು ದಾರ ಬಿಡುವ ಬಿಗಿ) ದಾರ ತಡೆಯುವ ತೂಕದ ಮೂರನೇ ಒಂದು ಭಾಗಕ್ಕೆ ಇಡಿ. 4 ಕೆಜಿಯ ದಾರವಾದರೆ ಸುಮಾರು 1.3 ಕೆಜಿ ಎಳೆತಕ್ಕೆ ರೀಲು ದಾರ ಬಿಡಬೇಕು. ತೂಗುವ ಸ್ಪ್ರಿಂಗ್ ತಕ್ಕಡಿಗೆ ದಾರ ಸಿಕ್ಕಿಸಿ ಒಮ್ಮೆ ನೋಡಿಕೊಂಡರೆ ಆಮೇಲೆ ಕೈಗೇ ಅಂದಾಜು ಬರುತ್ತದೆ. ಮೀನು ಓಡುವಾಗ ಹಿಡಿ ತಿರುಗಿಸುತ್ತಲೇ ಇದ್ದರೆ ದಾರ ಮುರಿಗೊಳ್ಳುತ್ತದೆ. ಓಡಲು ಬಿಡಿ, ನಿಂತಾಗ ಸುತ್ತಿ.

ಬೆಂಗಳೂರಿನ ಸುತ್ತ ಎಲ್ಲಿ ಗಾಳ ಹಾಕಬಹುದು? ಕಾವೇರಿಯಲ್ಲಿ ಮಹಶೀರ್ ಹಿಡಿಯಲು ಅನುಮತಿ ಸಿಗುತ್ತದೆಯೇ?
– ಬೆಂಗಳೂರಿನ ಓದುಗರು

ಕೆರೆಯ ನೀರು ಊರಿನದಾದರೂ ಮೀನು ಬಹಳ ಕಡೆ ಊರಿನದಲ್ಲ. ಕೆರೆಗಳ ಮೀನು ಹಕ್ಕನ್ನು ಮೀನುಗಾರಿಕೆ ಇಲಾಖೆ ಅಥವಾ ಗ್ರಾಮ ಪಂಚಾಯಿತಿ ಗುತ್ತಿಗೆಗೆ ಕೊಡುತ್ತದೆ. ಮರಿ ಬಿಟ್ಟು ಸಾಕಿದವರು ಗುತ್ತಿಗೆದಾರರು ಅಥವಾ ಮೀನುಗಾರರ ಸಹಕಾರ ಸಂಘ. ಗಾಳ ಬಿಚ್ಚುವ ಮೊದಲು ಅವರನ್ನು ಕೇಳಿ. ಒಂದು ಕೋಲಿಗೆ ಬೇಡವೆನ್ನುವವರು ಕಡಿಮೆ. ಜಿಲೇಬಿಯನ್ನಂತೂ ಅವರೇ ಹಿಡಿಯಿರಿ ಎನ್ನುತ್ತಾರೆ. ಹೊರನಾಡಿನ ಈ ಮೀನು ಮರಿಗಳನ್ನು ಹೆಚ್ಚಿಸಿಕೊಂಡು ಸಾಕುಮೀನಿನ ಮೇವಿಗೆ ಪೈಪೋಟಿ ಮಾಡುತ್ತದೆ. ಇನ್ನು ಕೊಳಚೆ ಸೇರುವ ನಗರದ ಕೆರೆಯ ಮೀನನ್ನು ತಿನ್ನಬೇಡಿ. ಅಂಥಲ್ಲಿ ಸಿಗುವ ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದು ದೇಶದಲ್ಲಿ ನಿಷಿದ್ಧ, ಅದನ್ನು ಕನಿಕರದಿಂದ ಇನ್ನೊಂದು ಕೆರೆಗೆ ಬಿಡುವುದು ಆ ಕೆರೆಗೆ ಮಾಡುವ ದ್ರೋಹ.

ಮಹಶೀರ್ ಆಸೆಯನ್ನು ಸದ್ಯಕ್ಕೆ ಬಿಡಿ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರ ಗಾಳಕ್ಕೆ ಬಿದ್ದ ಮಹಶೀರ್ 120 ಪೌಂಡು, ಅಂದರೆ 54 ಕೆಜಿ ತೂಗಿತ್ತು. ಆ ಜಾತಿಯ, ಬೆನ್ನು ಡುಬ್ಬಾದ ಮಹಶೀರ್ ಕಾವೇರಿ ಕೊಳ್ಳ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 2018ರಲ್ಲಿ ಜಾಗತಿಕ ಪ್ರಕೃತಿ ಸಂರಕ್ಷಣಾ ಸಂಸ್ಥೆ ಐಯುಸಿಎನ್‌ನ ಕೆಂಪುಪಟ್ಟಿಯಲ್ಲಿ ಅದು ಅಳಿವಿನ ಅತಿ ಗಂಭೀರ ಅಂಚಿನ ವರ್ಗಕ್ಕೆ ಸೇರಿತು. ಹಿಂದೆ ಗಾಳಕ್ಕೆ ಹೆಸರಾಗಿದ್ದ ಭೀಮೇಶ್ವರಿ, ಗಾಳಿಬೋರೆ ಇರುವುದು ಕಾವೇರಿ ವನ್ಯಜೀವಿಧಾಮದಲ್ಲಿ. ಅಭಯಾರಣ್ಯದೊಳಗೆ ಗಾಳ ಬೇಡ. ಶೃಂಗೇರಿ, ಶಿಶಿಲ, ರಾಮನಾಥಪುರದಂಥ ದೇವರ ಮೀನುಗಳ ಮಡುಗಳಲ್ಲಿ ಗಾಳದ ಯೋಚನೆಯೂ ಬೇಡ. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದು 1897ರ ಮೀನುಗಾರಿಕೆ ಕಾಯ್ದೆಯಿಂದಲೇ ಅಪರಾಧ.

ಬೇಸಿಗೆಯಲ್ಲಿ ಬೆಳಗಿನ ಐದಕ್ಕೇ ಕೆರೆಗೆ ಹೋಗುತ್ತೇನೆ. ಮೀನು ಮೇಲೆಯೇ ಬಾಯಿ ತೆರೆದು ಕಾಣುತ್ತವೆ, ಒಂದೂ ಕಚ್ಚುವುದಿಲ್ಲ.
– ಅರಸೀಕೆರೆಯ ಓದುಗರು

ಅವು ಮೇಯುತ್ತಿಲ್ಲ, ಉಸಿರಿಗೆ ಪರದಾಡುತ್ತಿವೆ. ಪಾಚಿಯಿಂದ ಹಸಿರಾದ ಕೆರೆಯಲ್ಲಿ ಹಗಲು ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ಬಳಸಿಕೊಳ್ಳುತ್ತದೆ. ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ ನೀರಿನಲ್ಲಿ ಆಮ್ಲಜನಕ ಅತಿ ಕಡಿಮೆ. ನಿಮ್ಮ ಕೆರೆಗೆ ಎಂಟು ಗಂಟೆಯ ಮೇಲೆ, ಇಲ್ಲವೇ ಸಂಜೆ ಹೋಗಿ. ಗಾಳಿ ಬೀಸುತ್ತಿದ್ದರೆ ಅಲೆ ಬಂದು ಬಡಿಯುವ ದಡದಲ್ಲಿ ಕುಳಿತುಕೊಳ್ಳಿ. ತಂಪಾಗಿರದಿದ್ದರೂ ಮೀನಿಗೆ ಅಲ್ಲಿ ಉಸಿರೂ ಮೇವೂ ಇರುತ್ತವೆ. ತಿಳಿನೀರಿನ ಕೆರೆಗೆ ಈ ಮಾತು ಅನ್ವಯಿಸುವುದಿಲ್ಲ. ಅಲ್ಲಿ ನಸುಕೇ ಒಳ್ಳೆಯದು.

ಕೊರವ ಮೀನು ಒಂದೇ ಜಾಗದಲ್ಲಿ ಕೆಂಪು ಮರಿಗಳ ಗುಂಪಿನ ಜೊತೆ ಸುತ್ತುತ್ತದೆ. ಎಸೆದ ಕೂಡಲೇ ಕಚ್ಚುತ್ತದೆ ಎನ್ನುತ್ತಾರೆ, ನಿಜವೇ?
– ಚನ್ನಗಿರಿಯ ಓದುಗರು

ನಿಜ. ಹಸಿವಿಗಲ್ಲ, ಮರಿ ಕಾಯಲು ಕಚ್ಚುತ್ತದೆ. ಅದನ್ನು ಹಿಡಿದರೆ ಕಾವಲಿಲ್ಲದ ಮರಿಗಳನ್ನು ಬೇರೆ ಮೀನುಗಳು ಮುಗಿಸಿಬಿಡುತ್ತವೆ. ಮರಿ ಗುಂಪು ಕಂಡಲ್ಲಿ ಗಾಳ ಹಾಕಬೇಡಿ. ಉಳಿದ ಕಾಲದಲ್ಲಿ ಜೊಂಡು, ತಾವರೆ ಎಲೆಗಳ ಸಂದಿಗೆ ರಬ್ಬರಿನ ಕಪ್ಪೆ ಎಸೆದು ಎಳೆಯಿರಿ. ನೀರು ಚಿಮ್ಮಿದ ಕೂಡಲೇ ಎಳೆಯದೆ ಒಂದು, ಎರಡು ಎಂದು ಎಣಿಸಿ ಎಳೆಯಿರಿ. ದಾರ ದಪ್ಪ ಬೇಕಾಗುವುದು ಇಲ್ಲಿ, ಏಕೆಂದರೆ ಮೀನನ್ನು ಜೊಂಡಿನಿಂದ ಈಚೆ ಎಳೆಯಬೇಕು.

ಅಳಿವೆಯ ಬದಿಯಲ್ಲಿ ಕಾಣೆ ಮೀನು ಹಿಡಿಯಲು ಏನು ಬೇಕು?
– ಕುಂದಾಪುರದ ಓದುಗರು

ಮರಳು ತಳ, ಉಬ್ಬರದ ಹೊತ್ತು, ಸಣ್ಣ ಬಾಯಿಗೆ ತಕ್ಕ 8ನೇ ನಂಬರಿನ ಉದ್ದ ಕಾಲಿನ ಗಾಳ. ನಡುವೆ ತೂತಿರುವ 20ರಿಂದ 30 ಗ್ರಾಂ ಸೀಸವನ್ನು ಮುಖ್ಯ ದಾರಕ್ಕೆ ಪೋಣಿಸಿ, ಕೆಳಗೆ ಸ್ವಿವೆಲ್ (ತಿರುಗುವ ಪುಟ್ಟ ಕೊಂಡಿ) ಕಟ್ಟಿ, ಅದರಿಂದ ಎರಡಡಿ ತೆಳು ದಾರಕ್ಕೆ ಗಾಳ. ಸೀಸ ದಾರದ ಮೇಲೆ ಜಾರುವುದರಿಂದ ಕಚ್ಚಿದ ಮೀನಿಗೆ ಭಾರ ತಿಳಿಯದು. ಸಿಪ್ಪೆ ಸುಲಿದ ಸೀಗಡಿಯ ಉಗುರಿನಷ್ಟು ಚೂರು ಎರೆ. ಎಸೆದು ಸುಮ್ಮನಿಡದೆ ನಿಮಿಷಕ್ಕೊಮ್ಮೆ ಒಂದು ಗೇಣು ಎಳೆಯಿರಿ, ಮರಳು ಕದಡಿದಲ್ಲಿಗೆ ಕಾಣೆ ಬರುತ್ತದೆ. ಉಬ್ಬರ ತುಂಬುವ ಎರಡು ಗಂಟೆ ಮುಂಚಿನಿಂದ ಶುರು ಮಾಡಿ. ಈ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧ ದಡದ ಗಾಳಕ್ಕಲ್ಲ. ಆದರೂ ಆ ತಿಂಗಳುಗಳ ಅಲೆಗೆ ಬಂಡೆಯ ಮೇಲೆ ನಿಲ್ಲಬೇಡಿ. ಮನೆಗೆ ಬಂದೊಡನೆ ರೀಲಿನ ಡ್ರ್ಯಾಗ್ ಬಿಗಿ ಮಾಡಿ ಸಿಹಿನೀರು ಚಿಮುಕಿಸಿ ಒರೆಸಿ.

ಇಲ್ಲಿ ಮನೆ ಪಕ್ಕವೇ ಥೇಮ್ಸ್. ಊರಿನಂತೆ ಕೋಲು ಹಿಡಿದು ಕೂರಬಹುದೇ?
– ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ಓದುಗರು

ಇಲ್ಲ. 13 ವರ್ಷ ದಾಟಿದ ಎಲ್ಲರಿಗೂ ರಾಡ್ ಲೈಸೆನ್ಸ್ ಬೇಕು. 13ರಿಂದ 16ರವರಿಗೆ ಉಚಿತ, ಆದರೆ ಪಡೆದಿರಲೇಬೇಕು. ದಡದ ಒಡೆಯರ ಅಥವಾ ಕ್ಲಬ್ಬಿನ ಅನುಮತಿ ಬೇರೆಯೇ. ಮಾರ್ಚ್ 15ರಿಂದ ಜೂನ್ 14ರವರೆಗೆ ನದಿಗಳಲ್ಲಿ ಗೆಂಡೆಯಂಥ ಮೀನುಗಳಿಗೆ ಗಾಳ ಹಾಕುವಂತಿಲ್ಲ. ಹಿಡಿದ ಮೀನನ್ನು ಸಾರಿಗೆ ಒಯ್ಯುವುದು ಅಲ್ಲಿನ ವಾಡಿಕೆಯಲ್ಲ, ಮೆತ್ತನೆಯ ಹಾಸಿನ ಮೇಲೆ ಗಾಳ ಬಿಡಿಸಿ ನೀರಿಗೆ ಬಿಡುತ್ತಾರೆ.

ಹತ್ತು ವರ್ಷದ ಮಗ ಹಟ ಹಿಡಿದಿದ್ದಾನೆ. ಕರೆದುಕೊಂಡು ಹೋಗುವ ಮೊದಲು ತಾಯಿಯಾಗಿ ನಾನು ಏನೇನು ತಿಳಿದಿರಬೇಕು?
– ಮೈಸೂರಿನ ಓದುಗರು

ಅಮ್ಮಾ, ಮೊದಲು ನೀರು, ಆಮೇಲೆ ಮೀನು. ಮಣ್ಣು ತೆಗೆದ ಕೆರೆಗಳಲ್ಲಿ ಮೊಣಕಾಲುದ್ದದ ನೀರು ಮುಂದಿನ ಹೆಜ್ಜೆಗೇ ಆಳುದ್ದವಾಗುತ್ತದೆ, ಹೂಳಿನಲ್ಲಿ ಕಾಲು ಸಿಕ್ಕಿದರೆ ಈಜು ಬಂದರೂ ಕಷ್ಟ. ಮಗುವಿಗೆ ಲೈಫ್ ಜಾಕೆಟ್ ತೊಡಿಸಿ, ಸಿಕ್ಕಿಕೊಂಡ ಗಾಳ ಬಿಡಿಸಲು ನೀರಿಗಿಳಿಯಬಾರದೆಂದು ಕಟ್ಟುನಿಟ್ಟು ಮಾಡಿ. ಗಾಳ ಹೋದರೆ ಹೋಗಲಿ. ತೂಬಿನ ಬಳಿ, ಅಣೆಕಟ್ಟೆಯ ಕೆಳಗೆ ಕೂರಬೇಡಿ. ದಾರವನ್ನು ಕೈಗೆ ಸುತ್ತಿಕೊಳ್ಳಲು ಬಿಡಬೇಡಿ. ಕಾರ್ಬನ್ ರಾಡು ವಿದ್ಯುತ್ ಹರಿಸುತ್ತದೆ. ತಲೆ ಮೇಲೆ ವಿದ್ಯುತ್ ತಂತಿ ಇದ್ದಲ್ಲಿ ಅದನ್ನು ಎತ್ತಬಾರದು, ಗುಡುಗು ಕೇಳಿದೊಡನೆ ಕೆಳಗಿಟ್ಟು ದೂರ ಹೋಗಬೇಕು.

ಅವನ ಗಾಳದ ಒಳಮುಳ್ಳನ್ನು (ಮೊನೆಯ ಪಕ್ಕದ ಹಿಮ್ಮುಖ ಚಿಕ್ಕ ಮುಳ್ಳು) ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಬಿಡಿ. ಬೆರಳಿಗೆ ಚುಚ್ಚಿದರೂ ಹಿಂದಕ್ಕೆ ಸಲೀಸಾಗಿ ಬರುತ್ತದೆ, ಮೀನಿನ ಬಾಯಿಂದಲೂ ಹಾಗೆಯೇ. ದಾರ ಸಡಿಲ ಬಿಡದಿದ್ದರೆ ಮೀನು ತಪ್ಪಿಸಿಕೊಳ್ಳುವುದು ಅಪರೂಪ. ಒಳಮುಳ್ಳಿರುವ ಗಾಳ ಆಳಕ್ಕೆ ನಾಟಿದ್ದರೆ, ಅದರಲ್ಲೂ ಕಣ್ಣಿನ ಹತ್ತಿರವಾಗಿದ್ದರೆ, ಕೀಳಲು ಹೋಗದೆ ದಾರ ಕತ್ತರಿಸಿ ವೈದ್ಯರ ಬಳಿ ಕರೆದೊಯ್ಯಿರಿ.

ಜಿಲೇಬಿಯ ಬೆನ್ನಮುಳ್ಳು ಚುಚ್ಚುತ್ತದೆ. ತಲೆಯ ಕಡೆಯಿಂದ ಅಂಗೈ ಸವರಿ ಮುಳ್ಳು ಮಲಗಿಸಿ ಹಿಡಿಯುವುದನ್ನು ಕಲಿಸಿ. ಮೀಸೆಯಿರುವ, ಕಪ್ಪಗೆ ಉದ್ದನೆಯ ಮೀನು ಬಂದರೆ ಮಗು ಮುಟ್ಟಬಾರದು, ಚೇಳುಮೀನು ಇರಬಹುದು. ಅದರ ಎದೆಯ ಪಕ್ಕದ ಮುಳ್ಳುಗಳಲ್ಲಿ ವಿಷವಿದೆ. ಚುಚ್ಚಿದರೆ ತಡೆದುಕೊಳ್ಳುವಷ್ಟು ಬಿಸಿಯ, ಸುಮಾರು 45 ಡಿಗ್ರಿಯ ನೀರಿನಲ್ಲಿ ಅರ್ಧ ಗಂಟೆಗೂ ಹೆಚ್ಚು ಹೊತ್ತು ಕೈ ಅದ್ದಿಡಿ. ಉರಿ ಇಳಿಯುತ್ತದೆ. ನೀರಿನ ಬಿಸಿಯನ್ನು ನಿಮ್ಮ ಕೈಯಲ್ಲಿ ನೋಡಿ. ನೋವಿನಲ್ಲಿ ಮಗುವಿಗೆ ಸುಡುವುದು ತಿಳಿಯುವುದಿಲ್ಲ. ಮುಳ್ಳಿನ ಚೂರು ಒಳಗುಳಿದಿದೆಯೇ ಎಂದು ವೈದ್ಯರಿಗೆ ತೋರಿಸಿ, ಧನುರ್ವಾಯು ಚುಚ್ಚುಮದ್ದನ್ನೂ ಕೇಳಿ. ಒಂದು ಫ್ಲಾಸ್ಕಿನಲ್ಲಿ ಬಿಸಿನೀರು ಒಯ್ದರೆ ಇದಕ್ಕೂ ಆಯಿತು, ನಿಮ್ಮ ಕಾಫಿಗೂ ಆಯಿತು.

ಕಿತ್ತ ದಾರವನ್ನು ದಡದಲ್ಲಿ ಬಿಡದೆ ತುಂಡು ತುಂಡು ಮಾಡಿ ಜೇಬಿಗೆ ಹಾಕಿಕೊಳ್ಳುವುದನ್ನೂ ಮೊದಲ ದಿನವೇ ಹೇಳಿಕೊಡಿ. ಕೊಕ್ಕರೆ, ನೀರುಕಾಗೆಗಳ ಕಾಲಿಗೆ ಸುತ್ತಿಕೊಳ್ಳುವುದು ಅದೇ ದಾರ.